ಫೇಡ್ ಕಟಿಂಗ್: ಲೋ, ಮಿಡ್, ಹೈ ಇವುಗಳಲ್ಲಿ ಯಾವುದು ಹೊಂದುತ್ತದೆ, ಅಂಗಡಿಯಲ್ಲಿ ಏನೆಂದು ಹೇಳಬೇಕು?

ಹದಡಿ ರಸ್ತೆಯವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು; ಜೂನ್ ತಿಂಗಳಿಂದ ಇಲ್ಲಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡಲು ಸೇರಿಕೊಳ್ಳಲಿದ್ದೇನೆ. ಇದುವರೆಗೆ ಕುರ್ಚಿಯಲ್ಲಿ ಕುಳಿತು "ಮೀಡಿಯಂ ಹೊಡೀರಿ ಅಣ್ಣ" ಎಂದರೆ ನನ್ನ ಕಟಿಂಗಿನ ಮಾತು ಮುಗಿಯುತ್ತಿತ್ತು. ಈಗ ಫೇಡ್ ಮಾಡಿಸಬೇಕೆಂಬ ಆಸೆಯಿದೆ. ಆದರೆ ಪಿ.ಜೆ. ಬಡಾವಣೆಯ ಕಡೆ ನಾನು ಹೋಗುವ ಅಂಗಡಿಯ ಗೋಡೆಯ ಮೇಲೆ ಲೋ ಫೇಡ್, ಮಿಡ್ ಫೇಡ್, ಹೈ ಫೇಡ್, ಸ್ಕಿನ್ ಫೇಡ್, ಡ್ರಾಪ್ ಫೇಡ್, ಬರ್ಸ್ಟ್ ಫೇಡ್, ಟೇಪರ್ ಎಂದು ಹೆಸರು ಬರೆದ ತಲೆಗಳ ಪಟವೊಂದಿದ್ದು, ಎಷ್ಟು ದಿಟ್ಟಿಸಿದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನನಗೆ ಸ್ಪಷ್ಟವಾಗಿಲ್ಲ.

ನನ್ನ ತಲೆಯ ವಿವರ ಹೀಗಿದೆ: ಕೂದಲು ದಪ್ಪ, ನೇರ, ಕಪ್ಪು. ಮುಖ ಸ್ವಲ್ಪ ಉದ್ದ. ಕಿವಿಗಳು ತುಸು ಹೊರಚಾಚಿವೆ. ಹಿಂದಲೆ ಚಪ್ಪಟೆಯಾಗಿದೆ. ನೆತ್ತಿಯಲ್ಲಿ ಎರಡು ಸುಳಿಗಳಿವೆ. ಬಲಗಿವಿಯ ಹಿಂದೆ, ಕೂದಲಿನ ಅಂಚಿನಿಂದ ಮೂರು ಬೆರಳು ಮೇಲೆ, ಚಿಕ್ಕಂದಿನಲ್ಲಿ ಬಿದ್ದು ಹೊಲಿಗೆ ಹಾಕಿಸಿಕೊಂಡ ಗುರುತಿದೆ. ದಿನವೂ ಹೆಲ್ಮೆಟ್ ಹಾಕುತ್ತೇನೆ. ತರಗತಿಯಲ್ಲಿ ಹುಡುಗರ ಮುಂದೆ ನಿಲ್ಲುವವನಿಗೆ ಶೋಭಿಸುವಂತೆಯೂ ಇರಬೇಕು, ಹಳೆಯ ಮೀಡಿಯಂ ಕಟಿಂಗಿನಂತೆಯೂ ಕಾಣಬಾರದು. ಯಾವುದನ್ನು ಆರಿಸಿಕೊಳ್ಳಲಿ, ಅದನ್ನು ಅಂಗಡಿಯವರಿಗೆ ಹೇಗೆ ತಿಳಿಸಲಿ, ಎಷ್ಟು ದಿನಕ್ಕೊಮ್ಮೆ ಹೋಗಬೇಕಾಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಿ.


ದುರ್ಗದ ಕತ್ತರಿ

ಸರ್, ಚಿತ್ರದುರ್ಗದಲ್ಲಿ ನಮ್ಮದೊಂದು ಸಣ್ಣ ಕಟಿಂಗ್ ಶಾಪ್ ಇದೆ, ತಂದೆಯವರ ಕಾಲದಿಂದಲೂ ಇದೇ ಕಸುಬು. ನೀವು ತಲೆಯ ವಿವರವನ್ನು ಇಷ್ಟು ಚೆನ್ನಾಗಿ ಕೊಟ್ಟಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಯಾರೋ ಆಟಗಾರನ ಫೋಟೊ ತೋರಿಸಿ ಸುಮ್ಮನಾಗುತ್ತಾರೆ.

ಪಟದಲ್ಲಿರುವ ಹೆಸರುಗಳನ್ನು ಒಂದೇ ಸಾಲಿನಲ್ಲಿ ಓದಿದರೆ ಗೊಂದಲವಾಗುವುದು ಸಹಜ. ಫೇಡ್ ಎಂದರೆ ತಲೆಯ ಬದಿಯಲ್ಲಿ ಮತ್ತು ಹಿಂಬದಿಯಲ್ಲಿ ಕೂದಲಿನ ಉದ್ದವು ಮೇಲಿನಿಂದ ಕೆಳಕ್ಕೆ ಬರಬರುತ್ತಾ ಕಡಿಮೆಯಾಗಬೇಕು, ಒಂದು ಉದ್ದ ಮುಗಿದು ಇನ್ನೊಂದು ಶುರುವಾಗುವ ಗೆರೆ ಎಲ್ಲಿಯೂ ಕಣ್ಣಿಗೆ ಬೀಳಬಾರದು; ಇಷ್ಟೇ. ಲೋ, ಮಿಡ್, ಹೈ ಎಂಬವು ಈ ಇಳಿಕೆ ಯಾವ ಎತ್ತರದಲ್ಲಿ ಶುರುವಾಗುತ್ತದೆ ಎಂಬುದನ್ನು ಹೇಳುತ್ತವೆ. ಲೋ ಎಂದರೆ ಕಿವಿಯ ಮೇಲೆ ಒಂದೆರಡು ಬೆರಳಿನಷ್ಟು ಮಾತ್ರ, ಹಿಂದೆ ಕುತ್ತಿಗೆಯ ಕೂದಲಿನ ಅಂಚಿಗೆ ಅಂಟಿಕೊಂಡೇ ಸಾಗುತ್ತದೆ. ಮಿಡ್ ಎಂದರೆ ಕಣತಲೆಯ ಮಟ್ಟದವರೆಗೆ. ಹೈ ಎಂದರೆ ಕಣತಲೆಯನ್ನೂ ದಾಟಿ, ತಲೆಯ ಬದಿ ನೆತ್ತಿಯ ಕಡೆಗೆ ಬಾಗುವ ಜಾಗದ ಹತ್ತಿರದವರೆಗೆ. ಸ್ಕಿನ್ ಎಂಬುದು ಎತ್ತರಕ್ಕೆ ಸಂಬಂಧಿಸಿದ ಹೆಸರಲ್ಲ. ತೀರ ಕೆಳಗಿನ ಭಾಗವನ್ನು ಶೇವರ್ ಅಥವಾ ಬ್ಲೇಡಿನಿಂದ ಚರ್ಮ ಕಾಣುವಂತೆ ನುಣ್ಣಗೆ ಮಾಡುವುದು ಅದು. ಹಾಗಾಗಿ ಲೋ ಸ್ಕಿನ್ ಫೇಡ್ ಕೂಡ ಉಂಟು, ಹೈ ಸ್ಕಿನ್ ಫೇಡ್ ಕೂಡ ಉಂಟು. ಇನ್ನು ಡ್ರಾಪ್ ಮತ್ತು ಬರ್ಸ್ಟ್ ಎಂಬವು ಆಕಾರದ ಹೆಸರುಗಳು: ಡ್ರಾಪ್‌ನಲ್ಲಿ ಇಳಿಕೆಯ ಗಡಿ ಕಿವಿಯ ಹಿಂದೆ ಬಾಗಿ ಕೆಳಗಿಳಿಯುತ್ತದೆ, ಬರ್ಸ್ಟ್‌ನಲ್ಲಿ ಕಿವಿಯ ಸುತ್ತ ಅರ್ಧಚಂದ್ರದಂತೆ ತಿರುಗಿ ಹಿಂದಲೆಯ ಕೂದಲನ್ನು ಕುತ್ತಿಗೆಯವರೆಗೆ ಉದ್ದವಾಗಿಯೇ ಬಿಟ್ಟುಬಿಡುತ್ತದೆ. ಟೇಪರ್ ಎಂದರೆ ಸೈಡ್‌ಲಾಕ್ ಮತ್ತು ಕುತ್ತಿಗೆ ಎಂಬ ಎರಡೇ ಜಾಗಗಳಲ್ಲಿ ಇಳಿಸಿ, ಉಳಿದ ಬದಿಯನ್ನು ಹಾಗೆಯೇ ಇಟ್ಟುಕೊಳ್ಳುವುದು.

ತಲೆಯ ಬದಿ ಎಲ್ಲಿ ಬಾಗುತ್ತದೆ ಎಂಬುದನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು. ಬಾಚಣಿಗೆಯನ್ನು ಕಿವಿಯ ಮೇಲೆ ನೆಟ್ಟಗೆ, ತಲೆಗೆ ಒತ್ತಿ ಹಿಡಿಯಿರಿ. ಮೇಲ್ಗಡೆ ಬಾಚಣಿಗೆ ಯಾವ ಜಾಗದಲ್ಲಿ ತಲೆಯನ್ನು ಬಿಟ್ಟು ದೂರವಾಗುತ್ತದೆಯೋ ಅದೇ ಆ ತಿರುವು. ಅದನ್ನು ಮೀರಿ ಮಶೀನು ಮೇಲೆ ಹೋಯಿತೆಂದರೆ, ನಿಮ್ಮಂತೆ ದಪ್ಪ ಮತ್ತು ನೇರ ಕೂದಲಿನವರಿಗೆ ನೆತ್ತಿಯ ಕೂದಲು ಬದಿಗೆ ಕೊಡೆಯಂತೆ ಚಾಚಿಕೊಂಡು ನಿಲ್ಲುತ್ತದೆ, ಆಮೇಲೆ ಅದನ್ನು ಸರಿಪಡಿಸಬೇಕಾದರೆ ನೆತ್ತಿಯನ್ನೂ ಗಿಡ್ಡ ಮಾಡುವುದಲ್ಲದೆ ಬೇರೆ ದಾರಿಯಿಲ್ಲ.

ಈಗ ನಂಬರಿನ ವಿಷಯ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಆಗುವುದು ಇಲ್ಲಿಯೇ. ಅಂಗಡಿಯ ದೊಡ್ಡ ಮಶೀನಿಗೆ ಹಾಕುವ ಗಾರ್ಡುಗಳಲ್ಲಿ (ಬ್ಲೇಡಿನ ಮೇಲೆ ಸಿಕ್ಕಿಸುವ, ಬಾಚಣಿಗೆಯಂತಹ ತುಂಡುಗಳು) ಒಂದೊಂದು ನಂಬರಿಗೂ ಅಂಗುಲದ ಎಂಟನೇ ಒಂದು ಭಾಗದ ಲೆಕ್ಕ: 1 ನಂಬರ್ ಎಂದರೆ ಸುಮಾರು 3 ಮಿಲಿಮೀಟರ್, 2 ನಂಬರ್ ಎಂದರೆ 6, 3 ಎಂದರೆ 10ರ ಹತ್ತಿರ, 4 ಎಂದರೆ 13ರ ಹತ್ತಿರ, 8 ಎಂದರೆ ಪೂರ್ತಿ ಒಂದು ಅಂಗುಲ. ಆದರೆ ಮನೆಯಲ್ಲಿ ಬಳಸುವ ಗಡ್ಡದ ಟ್ರಿಮ್ಮರುಗಳಲ್ಲಿ ಹೆಚ್ಚಿನವು ಮಿಲಿಮೀಟರಿನಲ್ಲಿಯೇ ಅಂಕೆ ತೋರಿಸುತ್ತವೆ. ಮನೆಯ ಟ್ರಿಮ್ಮರಿನಲ್ಲಿ 3ಕ್ಕೆ ಇಟ್ಟು ರೂಢಿಯಿರುವವರು ಅಂಗಡಿಗೆ ಬಂದು "ಬದಿಗೆ 3 ನಂಬರ್ ಹಾಕಿ" ಎಂದರೆ ಅವರ ಮನಸ್ಸಿನಲ್ಲಿರುವುದಕ್ಕಿಂತ ಮೂರು ಪಟ್ಟು ಉದ್ದ ಉಳಿಯುತ್ತದೆ. ಅಂಗಡಿಯಲ್ಲಿ ಆ ಚಿಕ್ಕ ಟ್ರಿಮ್ಮರನ್ನೇ ಬಳಸುತ್ತಿದ್ದು, ಗಿರಾಕಿ ದೊಡ್ಡ ಮಶೀನಿನ ಲೆಕ್ಕದಲ್ಲಿ ಹೇಳಿದ್ದರೆ ಇದು ತಿರುಗುಮುರುಗಾಗುತ್ತದೆ, ಹೋದ ಕೂದಲು ಮರಳಿ ಬರುವುದಿಲ್ಲ. ಆದ್ದರಿಂದ ನಂಬರ್ ಹೇಳುವಾಗ ಬೆರಳಿನಲ್ಲಿ ಉದ್ದವನ್ನೂ ತೋರಿಸಿ.

ಗೆರೆ ಅಳಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಕನ್ನಡಿಯಲ್ಲಿ ನೋಡುತ್ತಾ ಕುಳಿತವರಿಗೆ ಗಾಬರಿಯಾಗುವುದಿಲ್ಲ. ಮೊದಲು ಗಾರ್ಡ್ ಇಲ್ಲದ ಮಶೀನಿನಿಂದ ಕೆಳಗೆ ತಲೆಯ ಸುತ್ತ ಒಂದು ಗಡಿ ಹಾಕಿಕೊಳ್ಳುತ್ತೇವೆ. ಆಗ ನೋಡಲು ವಿಕಾರವಾಗಿಯೇ ಇರುತ್ತದೆ. ಅದರ ಮೇಲಿನ ಪಟ್ಟಿಗೆ 1 ನಂಬರ್, ಅದರ ಮೇಲೆ 2 ನಂಬರ್ ಹೀಗೆ ಏರುತ್ತೇವೆ. ಪ್ರತಿ ಏರಿಕೆಯಲ್ಲಿಯೂ ಮಶೀನಿನ ತುದಿಯನ್ನು ತಲೆಯಿಂದ ಹೊರಕ್ಕೆ ಚಿಮ್ಮಿದಂತೆ ಎತ್ತಿಬಿಡಬೇಕು. ಒತ್ತಿ ಹಿಡಿದುಕೊಂಡೇ ಮೇಲೆ ಹೋದರೆ ಅಲ್ಲೊಂದು ಮೆಟ್ಟಿಲು ಬೀಳುತ್ತದೆ. ಎರಡು ಪಟ್ಟಿಗಳ ನಡುವೆ ಉಳಿಯುವ ಗೆರೆಯನ್ನು ಮಶೀನಿನ ಪಕ್ಕದ ಲಿವರ್ ತೆಗೆಯುತ್ತದೆ. ಲಿವರನ್ನು ಮುಚ್ಚಿದರೆ ಬ್ಲೇಡ್ ಹೆಚ್ಚು ಕತ್ತರಿಸುತ್ತದೆ, ಬಿಚ್ಚಿದರೆ ಸುಮಾರು ಅರ್ಧ ನಂಬರಿನಷ್ಟು ಉದ್ದ ಬಿಡುತ್ತದೆ, ಈ ಎರಡರ ನಡುವೆ ಬೇಕಾದಲ್ಲಿ ನಿಲ್ಲಿಸಿಕೊಳ್ಳಬಹುದು. ಗುಂಗುರು ಕೂದಲಿನಲ್ಲಿ ಸಣ್ಣಪುಟ್ಟ ಗೆರೆ ಮುಚ್ಚಿಹೋಗುತ್ತದೆ, ನೇರ ಕೂದಲಿನಲ್ಲಿ ಪ್ರತಿಯೊಂದೂ ಎದ್ದು ಕಾಣುತ್ತದೆ. ಆದುದರಿಂದ ನಿಮ್ಮ ತಲೆಗೆ ಸಮಯ ಹಿಡಿಯುತ್ತದೆ; ಹದಿನೈದು ನಿಮಿಷದಲ್ಲಿ ಫೇಡ್ ಮುಗಿಸಿ ಎಬ್ಬಿಸಿದರೆ ಹೊರಗೆ ಬಿಸಿಲಿಗೆ ಹೋದೊಡನೆ ಗೆರೆಗಳು ಕಾಣತೊಡಗುತ್ತವೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಹೈ ಫೇಡ್ ನಿಮಗೆ ಬೇಡ. ಬದಿ ಖಾಲಿಯಾದಷ್ಟೂ ಮುಖ ಉದ್ದ ಕಾಣುತ್ತದೆ. ಅದು ದುಂಡು ಮುಖದವರಿಗೆ ಅನುಕೂಲವೇ ಹೊರತು ನಿಮಗಲ್ಲ. ಕಿವಿ ಹೊರಚಾಚಿದ್ದರೆ ಅದರ ಸುತ್ತ ಚರ್ಮ ಕಾಣುವಂತೆ ತೆಗೆಯುವುದೂ ಬೇಡ, ಕೆಳಗೆ 1 ನಂಬರಿನಷ್ಟಾದರೂ ನೆರಳು ಉಳಿಯಲಿ. ಹಿಂದಲೆ ಚಪ್ಪಟೆಯಾಗಿರುವುದಕ್ಕೂ ಹೊಲಿಗೆಯ ಗುರುತಿಗೂ ಡ್ರಾಪ್ ಆಕಾರವೇ ಮದ್ದು: ಗಡಿ ಕಿವಿಯ ಹಿಂದೆ ಕೆಳಗಿಳಿಯುವುದರಿಂದ ಗುರುತಿನ ಮೇಲೆ ಕೂದಲು ಉಳಿಯುತ್ತದೆ, ಹಿಂಬದಿಯಲ್ಲಿ ಉಳಿದ ಕೂದಲು ಚಪ್ಪಟೆತನವನ್ನೂ ತುಂಬಿಕೊಡುತ್ತದೆ. ಎರಡು ಸುಳಿಯವನಿಗೆ ಎರಡು ಮದುವೆ ಎಂದು ನಮ್ಮ ಕಡೆ ಹೇಳುತ್ತಾರೆ. ಮದುವೆಯ ವಿಷಯ ನಾನರಿಯೆ, ಆದರೆ ಸುಳಿಯ ಜಾಗದ ಕೂದಲನ್ನು ಅರ್ಧಂಬರ್ಧ ಗಿಡ್ಡ ಮಾಡಿದರೆ ಅದು ಮುಳ್ಳಿನಂತೆ ಎದ್ದು ನಿಲ್ಲುತ್ತದೆ ಎಂಬುದು ಮಾತ್ರ ಖಂಡಿತ. ಅಲ್ಲಿ ಕತ್ತರಿಯಿಂದ ಬೇಕಾದಷ್ಟೇ ತೆಗೆದು, ಮಲಗುವಷ್ಟು ಉದ್ದ ಬಿಡಲು ಹೇಳಿ. ಒಟ್ಟಿನಲ್ಲಿ, ಕೆಳಗೆ 1 ನಂಬರಿನಿಂದ ಶುರುವಾಗುವ ಲೋ ಡ್ರಾಪ್ ಫೇಡ್, ಬದಿಯ ಮೇಲ್ಭಾಗಕ್ಕೆ 3 ಅಥವಾ 4, ನೆತ್ತಿಗೆ ಕತ್ತರಿ.


ಮಂಡಿಪೇಟೆ

ಕತ್ತರಿಯಣ್ಣನವರ ಉತ್ತರ ಚೆನ್ನಾಗಿದೆ, ಆದರೆ ಪ್ರಶ್ನೆಯ ಕೊನೆಯ ಭಾಗವನ್ನು ಅವರು ಮುಟ್ಟಿಲ್ಲ, ಮತ್ತು ನನ್ನ ಪ್ರಕಾರ ಆಯ್ಕೆಯನ್ನು ತೀರ್ಮಾನಿಸಬೇಕಾದದ್ದು ಆ ಭಾಗವೇ. ತಲೆಗೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ವಾರಕ್ಕೆ ಹೆಚ್ಚುಕಡಿಮೆ 3 ಮಿಲಿಮೀಟರ್. ಅಂಗಡಿಯ ಲೆಕ್ಕದಲ್ಲಿ ಅದು ಸರಿಯಾಗಿ ಒಂದು ನಂಬರ್. ಈ ಭಾನುವಾರ ಚರ್ಮ ಕಾಣುವಂತೆ ಮಾಡಿಸಿದ ಜಾಗ ಮುಂದಿನ ಭಾನುವಾರಕ್ಕೆ 1 ನಂಬರ್ ಆಗಿರುತ್ತದೆ, ಅದರ ಮೇಲಿನ 1 ನಂಬರ್ ಆಗಲೇ 2 ಆಗಿರುತ್ತದೆ. ಉದ್ದಗಳ ನಡುವಿನ ಅಂತರ ಅಷ್ಟೇ ಉಳಿದರೂ, ಚರ್ಮ ಮುಚ್ಚಿಹೋದ ಮೇಲೆ ಎಲ್ಲವೂ ಒಂದೇ ಕಪ್ಪಾಗಿ ಕಾಣುವುದರಿಂದ ಫೇಡ್ ಎಂಬುದೇ ಮಾಯವಾಗುತ್ತದೆ. ಸ್ಕಿನ್ ಫೇಡ್ ಇಟ್ಟುಕೊಳ್ಳುವವರು ವಾರಕ್ಕೋ ಹತ್ತು ದಿನಕ್ಕೋ ಅಂಗಡಿಗೆ ಹೋಗುವ ಮನಸ್ಸುಳ್ಳವರಾಗಿರಬೇಕು. ಲೋ ಫೇಡ್ ಎರಡರಿಂದ ಮೂರು ವಾರ ಬರುತ್ತದೆ. ಟೇಪರ್ ಆದರೆ ತಿಂಗಳವರೆಗೂ ಮರ್ಯಾದೆಯಾಗಿ ಕಾಣುತ್ತದೆ, ಏಕೆಂದರೆ ಅದರಲ್ಲಿ ಚರ್ಮ ಕಾಣುವ ಭಾಗವೇ ಸ್ವಲ್ಪ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು. ವಾರದ ನಡುವೆ ಬಿಡುವಿಲ್ಲ, ಮಂಗಳವಾರ ನಮ್ಮ ಕಡೆಯ ಕಟಿಂಗ್ ಅಂಗಡಿಗಳು ಬಹುಪಾಲು ಬಾಗಿಲು ತೆರೆಯುವುದಿಲ್ಲ, ಭಾನುವಾರ ಬೆಳಿಗ್ಗೆ ಹೋದರೆ ಬೆಂಚಿನ ಮೇಲೆ ಪೇಪರ್ ಓದುತ್ತಾ ಕಾಯಬೇಕು, ಕಾದು ಕುಳಿತವರು ಹೆಚ್ಚಾದಷ್ಟೂ ಕೆಲಸ ಮಾಡುವವರ ಕೈ ಅವಸರದಲ್ಲಿರುತ್ತದೆ. ಹೊಸದಾಗಿ ಪಾಠಕ್ಕೆ ನಿಲ್ಲುವ ಮೇಷ್ಟ್ರಿಗೂ ಇದೇ ಪರಿಸ್ಥಿತಿ. ಅದಕ್ಕೇ ನಾನು ಟೇಪರ್ ಎನ್ನುತ್ತೇನೆ. ಅದರಲ್ಲಿ ಗೆರೆ ಉಳಿಯುವ ಅಪಾಯವೂ ಕಡಿಮೆ, ಮುಂದೆ ಇಷ್ಟವಾದರೆ ಟೇಪರಿನಿಂದ ಲೋ ಫೇಡಿಗೆ ಹೋಗಬಹುದು. ಮೇಲಿನಿಂದ ಕೆಳಕ್ಕೆ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಹೆಲ್ಮೆಟ್ ಬಗ್ಗೆ ಚಿಂತೆ ಬೇಡ, ಅದು ಕೆಡಿಸುವುದು ನೆತ್ತಿಯ ಕೂದಲನ್ನೇ ಹೊರತು ಬದಿಯನ್ನಲ್ಲ.

ಫೋಟೊಗಳ ಬಗ್ಗೆಯೂ ಒಂದು ಮಾತು. ಇನ್‌ಸ್ಟಾಗ್ರಾಮಿನಲ್ಲಿ ಕಾಣುವ ಫೇಡುಗಳನ್ನು ಕತ್ತರಿಸಿದ ಐದು ನಿಮಿಷದೊಳಗೆ, ಒಳ್ಳೆಯ ಬೆಳಕಿನಲ್ಲಿ ತೆಗೆದಿರುತ್ತಾರೆ. ಎಷ್ಟೋ ಸಲ ಕಪ್ಪು ಪುಡಿಯನ್ನೋ ಬಣ್ಣದ ಸ್ಪ್ರೇಯನ್ನೋ ಹಾಕಿ ಅಂಚನ್ನು ಗಾಢ ಮಾಡಿರುತ್ತಾರೆ. ಒಮ್ಮೆ ಸ್ನಾನ ಮಾಡಿದರೆ ಅದು ಇರುವುದಿಲ್ಲ.


ಔಷಧಿ ಅಂಗಡಿ, ಚಳ್ಳಕೆರೆ

ಆಕಾರದ ಬಗ್ಗೆ ನಾನು ಹೇಳುವುದೇನಿಲ್ಲ. ಚರ್ಮದ ಬಗ್ಗೆ ಯಾರೂ ಹೇಳದ ಕಾರಣ ಬರೆಯುತ್ತಿದ್ದೇನೆ. ಕೂದಲು ಚರ್ಮಕ್ಕೆ ಹತ್ತಿದಷ್ಟೂ ಬ್ಲೇಡ್ ಚರ್ಮಕ್ಕೆ ಹತ್ತುತ್ತದೆ. ಕುತ್ತಿಗೆಯ ಹಿಂದೆ ಕ್ಷೌರವಾದ ಎರಡು ಮೂರು ದಿನಕ್ಕೆ ಕೆಂಪು ಗುಳ್ಳೆಗಳು ಏಳುವುದನ್ನು ನೀವು ನೋಡಿರಬಹುದು. ನುಣ್ಣಗೆ ತೆಗೆದ ಕೂದಲಿನ ಚೂಪಾದ ತುದಿ ಬೆಳೆಯುವಾಗ ಮರಳಿ ಚರ್ಮದೊಳಕ್ಕೇ ಬಾಗಿ ಚುಚ್ಚುವುದರಿಂದ ಹೀಗಾಗುತ್ತದೆ, ಗುಂಗುರು ಕೂದಲಿನವರಿಗೆ ಇನ್ನೂ ಹೆಚ್ಚು. ಕೆಲವರಲ್ಲಿ ಆ ಗುಳ್ಳೆಗಳು ಗಟ್ಟಿಯಾಗಿ, ಗಂಟುಗಟ್ಟಿ, ಅಲ್ಲಿ ಕೂದಲೇ ಬಾರದಂತಾಗುತ್ತದೆ. ಗುಳ್ಳೆ ಪದೇ ಪದೇ ಏಳುವವರು ಮತ್ತು ಹಿಂದೆ ಗಾಯವಾದ ಜಾಗದಲ್ಲಿ ಚರ್ಮ ಉಬ್ಬಿ ಬೆಳೆಯುವ ಸ್ವಭಾವದವರು ಸ್ಕಿನ್ ಫೇಡಿನ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಪ್ರಶ್ನೆ ಕೇಳಿದವರು ತಮ್ಮ ಹೊಲಿಗೆಯ ಗುರುತು ಚಪ್ಪಟೆಯಾಗಿದೆಯೋ ಉಬ್ಬಿದೆಯೋ ಎಂದು ಬೆರಳಾಡಿಸಿ ನೋಡಿಕೊಳ್ಳಲಿ.

ಬ್ಲೇಡ್ ಹೊಸದೇ ಆಗಿರಬೇಕು, ನಿಮ್ಮ ಕಣ್ಣೆದುರಿಗೇ ಕಾಗದ ಬಿಚ್ಚಿ ಹಾಕಬೇಕು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಸೋಂಕು ತಗುಲಿಸಬಲ್ಲಷ್ಟು ಜೀವಂತವಾಗಿರಬಲ್ಲದು, ರಕ್ತ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಬ್ಲೇಡಿನ ವಿಷಯದಲ್ಲಿ ಈಗ ಜನ ಎಚ್ಚರಿಕೆಯಿಂದಿದ್ದಾರೆ. ಆದರೆ ಮಶೀನಿನ ಹಲ್ಲುಗಳನ್ನು ಯಾರೂ ವಿಚಾರಿಸುವುದಿಲ್ಲ. ಒಬ್ಬರ ತಲೆಯ ಹುಳುಕಡ್ಡಿ ಇನ್ನೊಬ್ಬರಿಗೆ ಹತ್ತಲು ಅದೊಂದು ದಾರಿ, ಫೇಡಿನಲ್ಲಿ ಆ ಹಲ್ಲುಗಳು ಗಾರ್ಡ್ ಇಲ್ಲದೆ ನೇರವಾಗಿ ಚರ್ಮದ ಮೇಲೆ ಓಡಾಡುತ್ತವೆ. ಬ್ರಷ್ಷಿನಿಂದ ಕೂದಲು ಕೊಡವಿ, ಕ್ರಿಮಿನಾಶಕ ಹಾಕಿ ಒರೆಸಿಕೊಳ್ಳಿ ಎಂದು ವಿನಯದಿಂದ ಕೇಳಿದರೆ ಒಳ್ಳೆಯ ಅಂಗಡಿಯವರು ಬೇಸರಪಟ್ಟುಕೊಳ್ಳುವುದಿಲ್ಲ.


ಹದಡಿ ರಸ್ತೆಯವನು

ಎಲ್ಲರಿಗೂ ಧನ್ಯವಾದಗಳು. ಗುರುತು ಚಪ್ಪಟೆಯಾಗಿಯೇ ಇದೆ. ಟೇಪರ್ ಮತ್ತು ಲೋ ಡ್ರಾಪ್ ಇವೆರಡರ ನಡುವೆ ಯೋಚಿಸುತ್ತಿದ್ದೇನೆ. ಮೇ ತಿಂಗಳ ಕೊನೆಯಲ್ಲಿ ಹರಿಹರದಲ್ಲಿ ಚಿಕ್ಕಪ್ಪನ ಮಗಳ ಮದುವೆಯಿದೆ, ಅದೊಂದು ಸಲಕ್ಕೆ ಮಾತ್ರ ಸ್ಕಿನ್ ಫೇಡ್ ಮಾಡಿಸಿದರೆ ಹೇಗೆ? ಇನ್ನೊಂದು ವಿಷಯ ಹೇಳಲು ಮರೆತಿದ್ದೆ: ನನಗೆ ಗಡ್ಡವಿದೆ, ಒತ್ತಾಗಿದೆ. ಅದಕ್ಕೂ ಇದಕ್ಕೂ ಹೇಗೆ ಹೊಂದಿಸುತ್ತಾರೆ? ನಡುವೆ ಮನೆಯ ಟ್ರಿಮ್ಮರಿನಲ್ಲಿ ನಾನೇ ಸ್ವಲ್ಪ ಸರಿಪಡಿಸಿಕೊಳ್ಳಬಹುದೇ?


ಜೋಗಿಮಟ್ಟಿ

ಪ್ರಶ್ನೆ ತರುಣರದ್ದಾದರೂ, ಐವತ್ತು ದಾಟಿದವರೂ ಇದನ್ನು ಓದುತ್ತಿರುತ್ತಾರೆಂದು ಎರಡು ಮಾತು ಸೇರಿಸುತ್ತೇನೆ. ನಮ್ಮ ಪ್ರಾಯದಲ್ಲಿ ಇದನ್ನೇ ಮಿಲಿಟರಿ ಕಟ್ ಎನ್ನುತ್ತಿದ್ದರು, ಮನೆಯಲ್ಲಿ ಹಿರಿಯರು ಬಲವಂತವಾಗಿ ಹೊಡೆಸುತ್ತಿದ್ದರು. ಆ ಹೆಸರು ಸುಮ್ಮನೆ ಬಂದದ್ದೇನಲ್ಲ: ಬದಿಯನ್ನು ಗಿಡ್ಡವಾಗಿ ಏರಿಸುವ ಈ ಪದ್ಧತಿ 1940 ಮತ್ತು 50ರ ದಶಕಗಳಲ್ಲಿ ಅಮೆರಿಕದ ಸೈನಿಕರಲ್ಲಿ ರೂಢಿಯಲ್ಲಿತ್ತು. ಆಮೇಲೆ ಅಲ್ಲಿನ ಕಪ್ಪು ಜನಾಂಗದ ಕ್ಷೌರದಂಗಡಿಗಳು ಅದನ್ನು ಒಂದು ಕಲೆಯಾಗಿ ಬೆಳೆಸಿದವು. 1980ರ ದಶಕದಲ್ಲಿ ನೆತ್ತಿಯ ಕೂದಲನ್ನು ಎತ್ತರಕ್ಕೆ ಬಿಟ್ಟು ಬದಿಯನ್ನು ಇಳಿಸುವ ಶೈಲಿ ಅಲ್ಲಿಂದಲೇ ಹೆಸರಾಯಿತು. ಈಗ ನಮ್ಮ ಹುಡುಗರು ಹಣ ಕೊಟ್ಟು, ಸರದಿ ಕಾದು ಮಾಡಿಸಿಕೊಳ್ಳುತ್ತಿರುವುದು ಅದರ ಮೊಮ್ಮಗನನ್ನು.

ನರೆ ಸಾಮಾನ್ಯವಾಗಿ ಕಣತಲೆಯಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಆ ಭಾಗವನ್ನು 1 ಅಥವಾ 2 ನಂಬರಿಗೆ ಇಳಿಸಿದರೆ ಬಣ್ಣ ಹಚ್ಚುವ ಪ್ರಮೇಯವೇ ಬಹಳ ಮಟ್ಟಿಗೆ ತಪ್ಪುತ್ತದೆ. ನೆತ್ತಿ ತೆಳುವಾದವರಿಗೂ ಬದಿ ಗಿಡ್ಡವಾದಷ್ಟೂ ಮೇಲಿರುವುದು ಒತ್ತಾಗಿ ಕಾಣುತ್ತದೆ. ಉಳಿದ ನಾಲ್ಕು ಎಳೆಗಳನ್ನು ಪಕ್ಕದಿಂದ ಎಳೆದು ನೆತ್ತಿ ಮುಚ್ಚುವುದಕ್ಕಿಂತ ಇದು ಎಷ್ಟೋ ಗೌರವದ್ದು.


ದುರ್ಗದ ಕತ್ತರಿ

ಮಂಡಿಪೇಟೆಯವರು ಹೇಳಿದ ಬೆಳವಣಿಗೆಯ ಲೆಕ್ಕ ಸರಿಯಾಗಿದೆ, ಆದರೆ ಟೇಪರ್ ಎಂಬ ಅವರ ತೀರ್ಮಾನವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದಪ್ಪ ನೇರ ಕೂದಲಿಗೆ ಬರೀ ಟೇಪರ್ ಮಾಡಿದರೆ ಹತ್ತು ದಿನ ಕಳೆದ ಮೇಲೆ ಕಿವಿಯ ಮೇಲ್ಭಾಗದ ಕೂದಲು ಹೊರಕ್ಕೆ ಉಬ್ಬುತ್ತದೆ, ಹೆಲ್ಮೆಟ್ ಹಾಕಿ ತೆಗೆದಾಗಲಂತೂ ಅದು ಇನ್ನಷ್ಟು ಎದ್ದು ಕಾಣುತ್ತದೆ. ಅವರ ಕೂದಲು ತೆಳುವಾಗಿರಬಹುದು, ಅದಕ್ಕೇ ಅವರಿಗೆ ಒಗ್ಗಿದೆ. ನಿಮಗೆ ಲೋ ಡ್ರಾಪ್ ಸರಿ, ಮೂರು ವಾರಕ್ಕೊಮ್ಮೆ ಹೋದರೆ ಸಾಕು. ಭಾನುವಾರ ಬಿಟ್ಟು ಬುಧವಾರವೋ ಗುರುವಾರವೋ ಸಂಜೆ ಹೋಗಿ; ಕುರ್ಚಿ ಖಾಲಿಯಿರುತ್ತದೆ, ಕೈಯೂ ನಿಧಾನವಾಗಿರುತ್ತದೆ.

ಮದುವೆಗೆ ಸ್ಕಿನ್ ಬೇಡ. ಕಾರಣ ಹೇಳುತ್ತೇನೆ. ಇಷ್ಟು ವರ್ಷ ಕೂದಲಿನಡಿ ಇದ್ದ ಚರ್ಮ ನಿಮ್ಮ ಮುಖಕ್ಕಿಂತ ಬಿಳಿಚಿಕೊಂಡಿರುತ್ತದೆ. ಮೊದಲ ಸಲ ತೆಗೆಸಿದಾಗ ಕಿವಿಯ ಸುತ್ತ ಒಂದು ತಿಳಿ ಪಟ್ಟಿ ಕಾಣುತ್ತದೆ, ಮದುವೆ ಮನೆಯ ಫೋಟೊ ಲೈಟಿನಲ್ಲಿ ಅದು ಇನ್ನೂ ಬೆಳ್ಳಗೆ ಬರುತ್ತದೆ, ನಮ್ಮ ಮೇ ತಿಂಗಳ ಬಿಸಿಲಿಗೆ ಆ ಹೊಸ ಚರ್ಮ ಬೇಗ ಉರಿಯುತ್ತದೆ ಕೂಡ. ಮದುವೆಗೆ ಎರಡು ಮೂರು ದಿನ ಮುಂಚೆ ನಿಮ್ಮ ಮಾಮೂಲಿ ಲೋ ಡ್ರಾಪನ್ನೇ ಮಾಡಿಸಿ. ಅಂದೇ ಮಾಡಿಸಿದ್ದಕ್ಕಿಂತ ಎರಡು ದಿನ ಹಳೆಯದಾದ ಫೇಡ್ ತಲೆಗೆ ಹೆಚ್ಚು ಹೊಂದಿಕೊಂಡಿರುತ್ತದೆ, ಎಲ್ಲಿಯಾದರೂ ಗೆರೆ ಉಳಿದಿದ್ದರೆ ಮಾರನೆಯ ದಿನ ಹೋಗಿ ತೋರಿಸಲು ಸಮಯವೂ ಇರುತ್ತದೆ. ಹಾಗೆ ಬಂದವರನ್ನು ನಾವು ಕೂರಿಸಿ ಎರಡು ನಿಮಿಷದಲ್ಲಿ ಸರಿಮಾಡಿ ಕಳಿಸುತ್ತೇವೆ, ಅದಕ್ಕೆ ಸಂಕೋಚ ಬೇಡ.

ಮನೆಯ ಟ್ರಿಮ್ಮರಿನಿಂದ ಎರಡು ಜಾಗ ಮಾತ್ರ ಮುಟ್ಟಬಹುದು: ಕುತ್ತಿಗೆಯ ಅಂಚಿನಿಂದ ಕೆಳಗೆ ಬೆಳೆದ ಚಿಕ್ಕ ಕೂದಲು, ಮತ್ತು ಕಿವಿಯ ಮೇಲೆ ಬಾಗಿ ಬಂದ ನಾಲ್ಕಾರು ಎಳೆ. ಕುತ್ತಿಗೆಯದನ್ನು ಕೂಡ ಮನೆಯಲ್ಲಿ ಬೇರೆಯವರ ಕೈಯಲ್ಲಿ ಮಾಡಿಸಿ, ಏಕೆಂದರೆ ಕನ್ನಡಿಯಲ್ಲಿ ನೋಡಿಕೊಂಡು ತೆಗೆಯುವವರು ಅಂಚನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏರಿಸಿಬಿಡುತ್ತಾರೆ, ಆಮೇಲೆ ನಮಗೆ ಇಳಿಕೆ ಮಾಡಲು ಕೂದಲೇ ಉಳಿದಿರುವುದಿಲ್ಲ. ಇಳಿಕೆಯ ಭಾಗಕ್ಕಂತೂ ಕೈ ಹಾಕಬೇಡಿ.

ಗಡ್ಡವಿರುವುದು ನಿಮಗೆ ಅನುಕೂಲವೇ. ಮುಖ ಉದ್ದವಿರುವವರು ಗಲ್ಲದ ಕೆಳಗೆ ಗಡ್ಡವನ್ನು ಗಿಡ್ಡ ಮಾಡಿ, ಕೆನ್ನೆಯ ಬದಿಯಲ್ಲಿ ತುಸು ತುಂಬಿಕೊಂಡಿರುವಂತೆ ಇಟ್ಟುಕೊಂಡರೆ ಅಳತೆ ಸರಿಹೋಗುತ್ತದೆ. ಹೊಂದಿಸುವುದು ಹೀಗೆ: ತಲೆಯ ಕೂದಲು ಮೇಲಿನಿಂದ ಇಳಿಯುತ್ತಾ ಬಂದು ಕಿವಿಯ ನಡುಮಟ್ಟದಲ್ಲಿ ಅತಿ ಗಿಡ್ಡವಾಗಬೇಕು, ಅಲ್ಲಿಂದ ಕೆಳಗೆ ಗಡ್ಡ ಅದೇ ಕ್ರಮದಲ್ಲಿ ತಿರುಗಿ ಉದ್ದವಾಗುತ್ತಾ ಹೋಗಬೇಕು. ಈ ಗಿಡ್ಡ ಜಾಗ ಎರಡೂ ಬದಿಯಲ್ಲಿ ಒಂದೇ ಮಟ್ಟದಲ್ಲಿದೆಯೇ ಎಂದು ಎದುರಿನಿಂದ ನೋಡಿ. ಒಂದು ಕಿವಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಿರುವುದು ಎಲ್ಲರಲ್ಲಿಯೂ ಉಂಟು, ಆದ್ದರಿಂದ ಮಟ್ಟವನ್ನು ಕಿವಿಯಿಂದ ಅಳೆಯದೆ ಕಣ್ಣಿನ ತುದಿಯಿಂದ ಅಳೆಯಬೇಕು. ಕುರ್ಚಿಯಲ್ಲಿ ಕುಳಿತೊಡನೆ, ಬಟ್ಟೆ ಹೊದಿಸುವ ಮುಂಚೆಯೇ, ನಿಮ್ಮ ಮಾತನ್ನು ಹೀಗೆ ಹೇಳಿಬಿಡಿ: "ಲೋ ಡ್ರಾಪ್ ಫೇಡ್, ಕೆಳಗೆ ಒಂದು ನಂಬರ್, ಚರ್ಮ ಕಾಣೋದು ಬೇಡ, ಬಲಗಿವಿ ಹಿಂದೆ ಗುರುತಿದೆ ಅದಕ್ಕಿಂತ ಮೇಲೆ ಮಶೀನು ಹೋಗೋದು ಬೇಡ, ಸುಳಿ ಹತ್ರ ಕತ್ತರಿ, ಗಡ್ಡಕ್ಕೆ ಸೇರಿಸಿ ಇಳಿಸಿ." ಗುರುತನ್ನು ಬೆರಳಿಟ್ಟು ತೋರಿಸಿ. ಮಶೀನು ಶುರುವಾದ ಮೇಲೆ ಹೇಳಿದರೆ ಆ ಸದ್ದಿನಲ್ಲಿ ನಮಗೆ ಅರ್ಧ ಕೇಳಿಸುವುದಿಲ್ಲ.